ಪ್ರಸಾದ ನಿಲಯದಿಂದ ಪ್ರಯೋಗಾಲಯಕ್ಕೆ

ಕಳೆದ ಜೂನ್ ತಿಂಗಳಲ್ಲಿ ನಮ್ಮ ಭಾಗದ ಮಠವೊಂದರಲ್ಲಿ ಪ್ರತಿಭಾ ಪುರಸ್ಕಾರ ಸಮಾರಂಭ ನಡೆಯಿತು. ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕನೆಂದು ನನ್ನನ್ನೂ ವೇದಿಕೆಗೆ ಕರೆದಿದ್ದರು. ಬಿ.ಎಸ್ಸಿ. ಮತ್ತು ಎಂಜಿನಿಯರಿಂಗ್ ಓದುತ್ತಿರುವ 62 ಮಕ್ಕಳಿಗೆ ಶಾಲು, ಹಾರ, ಪ್ರಮಾಣಪತ್ರ, ಒಂದು ಪುಸ್ತಕ. ಎಲ್ಲರೂ ಶೇಕಡ 85ಕ್ಕೂ ಹೆಚ್ಚು ಅಂಕ ಪಡೆದವರು. ನನ್ನ ಮಾತಿನ ಸರದಿ ಬಂದಾಗ ಭಾಷಣದ ಬದಲು ಒಂದು ಪ್ರಶ್ನೆ ಕೇಳಿದೆ: "ಉತ್ತರ ಏನು ಬರಬೇಕು ಎಂಬುದು ನಿಮ್ಮ ಮೇಷ್ಟ್ರಿಗೂ ಗೊತ್ತಿಲ್ಲದ ಪ್ರಯೋಗವನ್ನು ನಿಮ್ಮಲ್ಲಿ ಎಷ್ಟು ಜನ ಮಾಡಿದ್ದೀರಿ? ಕೈ ಎತ್ತಿ."

ಒಂದು ಕೈಯೂ ಮೇಲೇಳಲಿಲ್ಲ. ಹಿಂದಿನ ಸಾಲಿನ ಒಬ್ಬ ಹುಡುಗ ಪಕ್ಕದವನನ್ನು, "ಹಂಗ ಮಾಡಾಕ ಬಿಡ್ತಾರನು?" ಎಂದು ಕೇಳಿದ್ದು ವೇದಿಕೆಯವರೆಗೂ ಕೇಳಿಸಿತು. ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. 34 ವರ್ಷ ಪಾಠ ಮಾಡಿದವನು ನಾನು. ಆ ಹುಡುಗನ ಪ್ರಶ್ನೆ ನನ್ನಂಥವರಿಗೇ ಹಾಕಿದ್ದು.

ಶರಣ ಬಂಧುಗಳೇ, ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಇಷ್ಟೇ. ನಮ್ಮ ಮಠಗಳು ಅನ್ನ ಹಾಕಿ, ಸೂರು ಕೊಟ್ಟು, ಬಡವರ ಮಕ್ಕಳನ್ನು ಪದವಿಯವರೆಗೆ ತಂದವು. ಪದವಿಯಿಂದ ಸಂಶೋಧನೆಯ ಬಾಗಿಲವರೆಗೆ ಇರುವ ದಾರಿ ಹೆಚ್ಚು ಉದ್ದದ್ದಲ್ಲ; ಆದರೆ ಅಲ್ಲಿ ಕೈ ಹಿಡಿಯುವವರಿಲ್ಲ. ಆ ಕೆಲಸವನ್ನು ಈಗ ನಾವು ಮಾಡಬೇಕು. ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಕೋಟಿ ರೂಪಾಯಿಯೂ ಬೇಕಿಲ್ಲ.

ನಾನೇ ಪ್ರಸಾದ ನಿಲಯದ ಕೂಸು. ತಗಡಿನ ಟ್ರಂಕು, ಒಂದು ಚಾಪೆ, ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿಯ ಗಂಟು ಹಿಡಿದು ಹತ್ತನೆ ವಯಸ್ಸಿಗೆ ಮಠದ ಹೊಸ್ತಿಲು ತುಳಿದವನು. ಅಜ್ಜಾರು ನನ್ನ ಊರು ಕೇಳಿದರು, ಹೊಟ್ಟೆಗೆ ಏನಾದರೂ ಆಗಿದೆಯೋ ಎಂದು ಕೇಳಿದರು, ಬೇರೇನನ್ನೂ ಕೇಳಲಿಲ್ಲ. ಅಲ್ಲಿಂದ ಮುಂದೆ ಹನ್ನೊಂದು ವರ್ಷ ನನ್ನ ಊಟದ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ನನ್ನ ಓರಗೆಯವರಲ್ಲಿ ಶಿಕ್ಷಕರು, ಬ್ಯಾಂಕ್ ನೌಕರರು, ವಕೀಲರು, ಡಾಕ್ಟರುಗಳು ಆದವರಿದ್ದಾರೆ. ಎಲ್ಲರ ಬೆನ್ನ ಹಿಂದೆಯೂ ಒಂದು ಪ್ರಸಾದದ ಪಂಕ್ತಿಯಿದೆ.

ಇದು ನನ್ನೊಬ್ಬನ ಕಥೆಯಲ್ಲ, ನಾಡಿನ ಕಥೆ. ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನೇ ಮಕ್ಕಳ ವಿದ್ಯೆಗೆ ಬರೆದಿಟ್ಟು 1906ರಲ್ಲಿ ಲಿಂಗೈಕ್ಯರಾದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಜಾತಿಭೇದವಿಲ್ಲದೆ ಒಂದೇ ಪಂಕ್ತಿಯಲ್ಲಿ ಕೂತು ಉಂಡು ಓದುತ್ತಿದ್ದಾರೆ. 2019ರಲ್ಲಿ ಲಿಂಗೈಕ್ಯರಾಗುವವರೆಗೂ ಶಿವಕುಮಾರ ಸ್ವಾಮಿಗಳು ಆ ಮಕ್ಕಳ ಊಟವನ್ನೇ ಪೂಜೆ ಎಂದು ನಡೆದವರು. ಗೋಕಾಕ ತಾಲ್ಲೂಕಿನ ಮಮದಾಪುರ ಎಂಬ ಹಳ್ಳಿಯಿಂದ ಹೊರಟ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ಗಣಿತದ ರ‍್ಯಾಂಗ್ಲರ್ ಆಗಿ, ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾದರು. ಹಳ್ಳಿಯ ಮಕ್ಕಳಿಗೆ ವಿಜ್ಞಾನ ಒಲಿಯುವುದಿಲ್ಲ ಎನ್ನುವವರಿಗೆ ಈ ಹೆಸರೊಂದೇ ಸಾಕು.

ಆದರೂ ಇಂದು ದೊಡ್ಡ ಸಂಶೋಧನಾ ಸಂಸ್ಥೆಯೊಂದರ ಹಾಲ್‌ನಲ್ಲಿ ನಿಂತು ನೋಡಿ. ಗದಗ, ಕೊಪ್ಪಳ, ಯಾದಗಿರಿ, ರಾಯಚೂರಿನ ಹಳ್ಳಿಯಿಂದ ಬಂದವರು ಎಷ್ಟು ಜನ? ಹೊಲೆಗೇರಿ, ಮಾದಿಗರ ಕೇರಿಯಿಂದ, ತಾಂಡಾಗಳಿಂದ ಬಂದವರು ಎಷ್ಟು? ಬಿ.ಎಸ್ಸಿ. ತರಗತಿಗಳಲ್ಲಿ ಅರ್ಧದಷ್ಟು ಬೆಂಚುಗಳಲ್ಲಿ ಹೆಣ್ಣುಮಕ್ಕಳೇ ಇದ್ದಾರೆ. ದೇಶದ ಸಂಶೋಧಕರ ಪಟ್ಟಿಯಲ್ಲಿ ಮಾತ್ರ ಮಹಿಳೆಯರು ಐದರಲ್ಲಿ ಒಂದು ಪಾಲಿಗಿಂತ ಕಡಿಮೆ. ತರಗತಿಯಲ್ಲಿದ್ದವರು ನಡುದಾರಿಯಲ್ಲಿ ಎಲ್ಲಿ ಹೋದರು?

ಬಹಳಷ್ಟು ಜನ ಕಳೆದುಹೋಗುವುದು ಪದವಿಯ ಆ ಮೂರು-ನಾಲ್ಕು ವರ್ಷಗಳಲ್ಲೇ. ಸಂಶೋಧನೆ ಎಂದರೆ ಎಂ.ಎಸ್ಸಿ. ಮುಗಿದ ಮೇಲೆ ಯೋಚಿಸುವ ವಿಷಯವೆಂದು ನಾವು ತಿಳಿದಿದ್ದೇವೆ. ದೊಡ್ಡ ನಗರದ ಒಳ್ಳೆಯ ಕಾಲೇಜುಗಳ ಮಕ್ಕಳು ಎರಡನೆ ವರ್ಷದಲ್ಲೇ ಯಾವುದಾದರೂ ಪ್ರಯೋಗಾಲಯದಲ್ಲಿ ಬೇಸಿಗೆ ಕಳೆಯುತ್ತಾರೆ. ಉಪಕರಣ ಮುಟ್ಟುತ್ತಾರೆ, ಕೆಡಿಸುತ್ತಾರೆ, ಬೈಸಿಕೊಳ್ಳುತ್ತಾರೆ, ಕಲಿಯುತ್ತಾರೆ. ಮುಂದೆ ಪಿಎಚ್.ಡಿ. ಸಂದರ್ಶನದಲ್ಲಿ "ನೀನು ಏನು ಕೆಲಸ ಮಾಡಿದ್ದೀ?" ಎಂದು ಕೇಳಿದಾಗ ಅವರಲ್ಲಿ ಹೇಳಲು ಒಂದು ಕಥೆಯಿರುತ್ತದೆ, ತೋರಿಸಲು ಒಬ್ಬ ವಿಜ್ಞಾನಿ ಬರೆದ ಪತ್ರವಿರುತ್ತದೆ. ನಮ್ಮ ಮಕ್ಕಳ ಕೈಯಲ್ಲಿ ಅಂಕಪಟ್ಟಿ ಮಾತ್ರ ಇರುತ್ತದೆ.

ಬಾಗಿಲುಗಳೇ ಇಲ್ಲವೆಂದಲ್ಲ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಪ್ರತಿ ವರ್ಷ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಎರಡು ತಿಂಗಳು ಒಬ್ಬ ವಿಜ್ಞಾನಿಯ ಬಳಿ ಕೆಲಸ, ಜೊತೆಗೆ ಭತ್ಯೆ. ಅವುಗಳಲ್ಲೊಂದಾದ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸಿ.ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲೇ ಸ್ಥಾಪಿಸಿದರು. 1989ರಲ್ಲಿ ಶುರುವಾದ ಜಕ್ಕೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರವೂ ಪದವಿ ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ಕರೆದುಕೊಳ್ಳುತ್ತದೆ. ಕೇಂದ್ರ ಸರ್ಕಾರ 2008ರಲ್ಲಿ ತಂದ ಇನ್‌ಸ್ಪೈರ್ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 80 ಸಾವಿರ ರೂಪಾಯಿ. ಅದರಲ್ಲಿ 20 ಸಾವಿರವನ್ನು ಬೇಸಿಗೆಯ ಸಂಶೋಧನಾ ಕೆಲಸಕ್ಕೆಂದೇ ಇಟ್ಟರು. ನಮ್ಮ ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಂಜಿನಿಯರಿಂಗ್ ಕೊನೆಯ ವರ್ಷದವರ ಪ್ರಾಜೆಕ್ಟ್‌ಗಳಿಗೆ ದಶಕಗಳಿಂದ ಹಣ ಕೊಡುತ್ತಾ ಬಂದಿದೆ.

ಹಾಗಿದ್ದರೆ ನಮ್ಮವರು ಯಾಕೆ ಒಳಗೆ ಹೋಗುತ್ತಿಲ್ಲ? ನಾನು ಕಂಡ ಕಾರಣಗಳನ್ನು ಹೇಳುತ್ತೇನೆ.

ಮೊದಲನೆಯದು, ಸುದ್ದಿಯೇ ತಲುಪುವುದಿಲ್ಲ. ಮುಂದಿನ ಬೇಸಿಗೆಗೆ ಹಿಂದಿನ ನವೆಂಬರ್ ಹೊತ್ತಿಗೇ ಅರ್ಜಿ ಹಾಕಬೇಕು. ನಮ್ಮ ತಾಲ್ಲೂಕು ಕಾಲೇಜಿನ ಸೂಚನಾ ಫಲಕದಲ್ಲಿ ಆ ಕಾಗದ ಅಂಟುವುದೇ ಇಲ್ಲ. ಎರಡನೆಯದು, ಅರ್ಜಿಯಲ್ಲಿ "ನಿನಗೆ ಯಾವ ವಿಷಯದಲ್ಲಿ ಆಸಕ್ತಿ, ಯಾಕೆ?" ಎಂದು ಇಂಗ್ಲಿಷಿನಲ್ಲಿ ಬರೆಯಬೇಕು. ಪಠ್ಯದ ಉತ್ತರವನ್ನು ಬಾಯಿಪಾಠ ಒಪ್ಪಿಸಿದ ಮಗುವನ್ನು ಅಲ್ಲಿಯವರೆಗೆ ಯಾರೂ ಆ ಪ್ರಶ್ನೆ ಕೇಳಿರುವುದಿಲ್ಲ. ಮೂರನೆಯದು ಹಣ. ಬೇಸಿಗೆ ಎಂದರೆ ನಮ್ಮ ಮಕ್ಕಳಿಗೆ ರಜೆಯಲ್ಲ, ದುಡಿಮೆಯ ಕಾಲ. ಉದ್ಯೋಗ ಖಾತ್ರಿ ಕೆಲಸಕ್ಕೆ, ಇಟ್ಟಿಗೆ ಭಟ್ಟಿಗೆ, ಹೊಲದ ಕೆಲಸಕ್ಕೆ ಒಂದು ಕೈ ಕಡಿಮೆಯಾದರೆ ಮನೆಯಲ್ಲಿ ಗೊತ್ತಾಗುತ್ತದೆ. ಭತ್ಯೆ ಬಂದರೂ ಕೆಲಸದ ಕೊನೆಗೆ ಬರಬಹುದು. ಬೆಂಗಳೂರಿನ ಕೋಣೆಯ ಮುಂಗಡ ಮೊದಲ ದಿನವೇ ಕೊಡಬೇಕು. ನಾಲ್ಕನೆಯದು, ಹೆಣ್ಣುಮಗಳೊಬ್ಬಳನ್ನು ಎರಡು ತಿಂಗಳು ಗೊತ್ತಿಲ್ಲದ ಊರಿಗೆ ಕಳಿಸಲು ತಂದೆ ತಾಯಿಗೆ ಇರುವ ಅಂಜಿಕೆ.

ಐದನೆಯ ಕಾರಣ ನನ್ನಂಥ ಮೇಷ್ಟ್ರು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ತಪ್ಪು ನನ್ನದೇ.

ಹದಿನೈದು ವರ್ಷಕ್ಕೂ ಹಿಂದಿನ ಮಾತು. ನನ್ನ ತರಗತಿಯಲ್ಲಿ ತಾಂಡಾದ ಹುಡುಗನೊಬ್ಬನಿದ್ದ. ತಂದೆ ತಾಯಿ ವರ್ಷದ ಎಂಟು ತಿಂಗಳು ಗೋವಾದಲ್ಲಿ ಕೂಲಿ ಮಾಡುವವರು. ನಮ್ಮ ಕಾಲೇಜುಗಳ ಪ್ರ್ಯಾಕ್ಟಿಕಲ್ ಹೇಗೆ ನಡೆಯುತ್ತದೆಂದು ಬಲ್ಲವರು ಬಲ್ಲರು. "ಬರಬೇಕಾದ" ಉತ್ತರ ಮೊದಲೇ ಗೊತ್ತಿರುತ್ತದೆ. ಬ್ಯೂರೆಟ್ಟಿನ ರೀಡಿಂಗ್ ಬೇರೆ ಬಂದರೆ ಅದನ್ನು ಹೊಂದಿಸಿ ಬರೆಯುತ್ತಾರೆ. ಈ ಹುಡುಗ ಹೊಂದಿಸಲಿಲ್ಲ. ಅದೇ ಬಾಟಲಿಯ ಕಾಸ್ಟಿಕ್ ಸೋಡಾ ದ್ರಾವಣ ಸೋಮವಾರ ಒಂದು ರೀಡಿಂಗ್ ಕೊಟ್ಟರೆ ಶುಕ್ರವಾರ ಇನ್ನೊಂದು ಕೊಡುತ್ತದೆ, ಯಾಕೆ ಸರ್ ಎಂದು ಕೇಳಿದ. ಮುಚ್ಚಳ ಸರಿಯಾಗಿ ಹಾಕದ ಬಾಟಲಿಯಲ್ಲಿ ಆ ದ್ರಾವಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ದುರ್ಬಲವಾಗುತ್ತದೆ. 40 ಮಕ್ಕಳಲ್ಲಿ ಅದನ್ನು ಗಮನಿಸಿದವನು ಅವನೊಬ್ಬನೇ. ನಾನು ಉತ್ತರ ಹೇಳಿದೆ, ಮತ್ತೆ ಮರೆತೆ.

ಆ ವರ್ಷದ ಕೊನೆಯಲ್ಲಿ ಅವನು ಸೈಬರ್ ಕೆಫೆಯಿಂದ ಒಂದು ಅರ್ಜಿ ಮುದ್ರಿಸಿ ತಂದ. ಬೇಸಿಗೆ ಫೆಲೋಶಿಪ್. ಅಧ್ಯಾಪಕರ ಶಿಫಾರಸು ಪತ್ರ ಬೇಕಿತ್ತು, ಇನ್ನು ಮೂರು ದಿನ ಉಳಿದಿತ್ತು. "ನಾಳೆ ಬಾರಪ್ಪ" ಎಂದೆ. ಮರುದಿನವೂ ಅದನ್ನೇ ಹೇಳಿದೆ. ಮೂರನೆಯ ದಿನ ಮೌಲ್ಯಮಾಪನಕ್ಕೆ ಧಾರವಾಡಕ್ಕೆ ಹೋದೆ. ಅರ್ಜಿ ನನ್ನ ಮೇಜಿನ ಡ್ರಾದಲ್ಲೇ ಉಳಿಯಿತು. ಕೆಲಸದ ಒತ್ತಡ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. "ಇವನ ಇಂಗ್ಲಿಷಿಗೆ ಅಲ್ಲಿ ಯಾರು ಕರೀತಾರೆ" ಎಂಬ ಮಾತು ನನ್ನ ಮನಸ್ಸಿನೊಳಗೆ ಇತ್ತು. ಅರ್ಜಿಯನ್ನು ಬೆಂಗಳೂರಿನವರು ತಿರಸ್ಕರಿಸುವ ಮೊದಲೇ ನಾನು ತಿರಸ್ಕರಿಸಿದ್ದೆ.

ಅವನು ಮತ್ತೆ ಕೇಳಲಿಲ್ಲ. ಎಷ್ಟೋ ವರ್ಷದ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ ಎಂದ, ಕಾಲು ಮುಟ್ಟಿ ನಮಸ್ಕರಿಸಿದ, ಚಹಾ ಕುಡಿಸಿದ. ಆ ಅರ್ಜಿಯ ಮಾತೆತ್ತಲಿಲ್ಲ. ಮರೆತಿದ್ದನೋ, ಮರೆತವನಂತೆ ನಡೆದುಕೊಂಡನೋ ಗೊತ್ತಾಗಲಿಲ್ಲ. ಪ್ರಸಾದ ನಿಲಯದಲ್ಲಿ ನನ್ನನ್ನು ಊರು ಬಿಟ್ಟು ಬೇರೇನೂ ಕೇಳದೆ ಒಳಗೆ ಕರೆದವರ ಅನ್ನ ಉಂಡವನು ನಾನು. ಅವನ ಇಂಗ್ಲಿಷನ್ನು ಅಳೆದು ಹೊರಗಿಟ್ಟವನೂ ನಾನೇ. ಇಷ್ಟು ವರ್ಷ ಈ ಮಾತನ್ನು ಎಲ್ಲಿಯೂ ಬರೆದಿರಲಿಲ್ಲ.

ಈ ಸಂಕಟ ನಮ್ಮ ನಾಡಿನದಷ್ಟೇ ಅಲ್ಲ. ಇದನ್ನು ಬೇರೆಯವರು ಹೇಗೆ ಎದುರಿಸಿದರು ಎಂದು ನಿವೃತ್ತಿಯ ನಂತರ ಓದುತ್ತಾ ಹೋದಾಗ ಅಮೆರಿಕದ ಬಾಲ್ಟಿಮೋರ್ ನಗರದ ಬಳಿಯ ಒಂದು ವಿಶ್ವವಿದ್ಯಾಲಯದ ಪ್ರಯತ್ನ ಕಣ್ಣಿಗೆ ಬಿತ್ತು. ಅಲ್ಲಿ ಕಪ್ಪು ಜನಾಂಗದ ಮಕ್ಕಳು ವಿಜ್ಞಾನ, ಎಂಜಿನಿಯರಿಂಗ್ ಸೇರುತ್ತಿದ್ದರು, ಆದರೆ ಸಂಶೋಧನೆಯವರೆಗೆ ಮುಟ್ಟುತ್ತಿರಲಿಲ್ಲ. 1988ರಲ್ಲಿ ಫ್ರೀಮನ್ ರಾಬೋಸ್ಕಿ ಎಂಬ ಗಣಿತಜ್ಞರು, ರಾಬರ್ಟ್ ಮೇಯರ್‌ಹಾಫ್ ಎಂಬ ದಾನಿಯ ನೆರವಿನಿಂದ ಒಂದು ಯೋಜನೆ ಶುರುಮಾಡಿದರು. ಈ ರಾಬೋಸ್ಕಿ ಸಾಮಾನ್ಯರಲ್ಲ. 1963ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ವರ್ಣಭೇದದ ವಿರುದ್ಧ ಮಕ್ಕಳು ಮೆರವಣಿಗೆ ಹೊರಟಾಗ, ಹನ್ನೆರಡರ ಹುಡುಗನಾಗಿ ಅದರಲ್ಲಿ ನಡೆದು ಜೈಲು ಕಂಡವರು.

ಅವರು ಮಾಡಿದ ಕೆಲಸಗಳು ಸರಳ. ತರಗತಿ ಶುರುವಾಗುವ ಮುಂಚಿನ ಬೇಸಿಗೆಯಲ್ಲೇ ಮಕ್ಕಳನ್ನು ಕರೆಸಿ ಒಟ್ಟಿಗೆ ಇರಿಸಿ ಓದಿಸುವುದು. ಒಬ್ಬೊಬ್ಬರೇ ಕೂತು ಓದುವ ಬದಲು ಗುಂಪಿನಲ್ಲಿ ಕಲಿಸುವುದು, ಒಬ್ಬ ಹಿಂದೆ ಬಿದ್ದರೆ ಗುಂಪೇ ಅವನನ್ನು ಎತ್ತುವುದು. ಪದವಿಯ ದಿನಗಳಲ್ಲೇ ಪ್ರಯೋಗಾಲಯಕ್ಕೆ ಕಳಿಸುವುದು. ಮನೆಯವರನ್ನು ಕರೆದು ಮಾತಾಡಿಸುವುದು. ಎಲ್ಲಕ್ಕಿಂತ ಮುಖ್ಯವಾಗಿ, "ಪಾಸಾದರೆ ಸಾಕು" ಎಂದು ಯಾರಿಗೂ ಹೇಳದಿರುವುದು. ಮೊದಲು ಹುಡುಗರಿಗಷ್ಟೇ ಇದ್ದ ಯೋಜನೆ ಮುಂದೆ ಹೆಣ್ಣುಮಕ್ಕಳಿಗೂ, ಆಮೇಲೆ ಎಲ್ಲ ಜನಾಂಗದವರಿಗೂ ತೆರೆಯಿತು. ಕೊರೊನಾ ಕಾಲದಲ್ಲಿ ಮಾಡರ್ನಾ ಲಸಿಕೆಯ ಹಿಂದಿನ ಸಂಶೋಧನೆಯಲ್ಲಿ ಮುಖ್ಯ ಪಾತ್ರ ವಹಿಸಿದ ಕಿಜ್‌ಮೆಕಿಯಾ ಕಾರ್ಬೆಟ್ ಎಂಬ ಕಪ್ಪು ಮಹಿಳೆ ಈ ಯೋಜನೆಯಲ್ಲೇ ಓದಿ 2008ರಲ್ಲಿ ಪದವಿ ಪಡೆದವರು.

ಇದನ್ನು ಓದಿದಾಗ ನನಗೆ ಅನ್ನಿಸಿದ್ದು: ಒಟ್ಟಿಗೆ ವಾಸ, ಒಟ್ಟಿಗೆ ಊಟ, ಒಟ್ಟಿಗೆ ಓದು, ತಪ್ಪಿದರೆ ಕಿವಿ ಹಿಂಡುವ ಒಬ್ಬ ಹಿರಿಯರು. ಇದು ನಮ್ಮ ಪ್ರಸಾದ ನಿಲಯವೇ ಅಲ್ಲವೇ? ಅವರು ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ನಮ್ಮಲ್ಲಿ ಅದು ನೂರು ವರ್ಷದಿಂದ ಇದೆ. ಅವರಲ್ಲಿದ್ದು ನಮ್ಮಲ್ಲಿ ಇಲ್ಲದ್ದು ಒಂದೇ, ಪ್ರಯೋಗಾಲಯದ ದಾರಿ.

ಆ ದಾರಿಯನ್ನು ನಾವು ಕೆಲವರು ಸೇರಿ ಸಣ್ಣದಾಗಿ ಮಾಡಿ ನೋಡಿದ್ದೇವೆ. ನಾನು ನಿವೃತ್ತನಾಗುವ ಮೂರು ವರ್ಷ ಮುಂಚೆ ಮುಂಡರಗಿ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ಎರಡನೆ ವರ್ಷದ ಬಿ.ಎಸ್ಸಿ.ಯಲ್ಲಿದ್ದಳು. ಮಾದಾರ ಚೆನ್ನಯ್ಯನ ಕೇರಿಯವಳು ಎಂದರೆ ನಮ್ಮ ಓದುಗರಿಗೆ ಅರ್ಥವಾಗುತ್ತದೆ. ನೀರಿನ ಗಡಸುತನದ ಪಾಠ ಮಾಡುತ್ತಿದ್ದೆ. ಎದ್ದು ನಿಂತು ಕೇಳಿದಳು: "ಸರ್, ನಮ್ಮೂರಾಗ ಹಳೇ ಬಾವಿ ನೀರು ಕುಡದವರ ಹಲ್ಲು ಛಲೋ ಅದಾವ. ಬೋರಿನ ನೀರು ಕುಡಿಯೋ ನಮ್ಮ ತಮ್ಮನ ಹಲ್ಲು ಹಳದಿ ಯಾಕ ಆಗ್ಯಾವ?"

ಈ ಸಲ ನಾನು ಉತ್ತರ ಹೇಳಲಿಲ್ಲ. "ಹುಡುಕೋಣ ಬಾ ತಂಗಿ" ಎಂದೆ. ನಮ್ಮ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಹೊಸ ಸುದ್ದಿಯಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಆದರೆ ಅವಳ ಊರಿನ ಯಾವ ಬೋರಿನಲ್ಲಿ ಎಷ್ಟಿದೆ ಎಂಬುದು ನನಗೂ ಗೊತ್ತಿರಲಿಲ್ಲ, ಪುಸ್ತಕಕ್ಕೂ ಗೊತ್ತಿರಲಿಲ್ಲ. ಅವಳು ಮತ್ತು ಇಬ್ಬರು ಗೆಳತಿಯರು ಪ್ಲಾಸ್ಟಿಕ್ ಬಾಟಲಿ ಹಿಡಿದು ಊರಿನ ಬಾವಿ, ಬೋರು, ಕೆರೆ ಎಲ್ಲ ಸುತ್ತಿದರು. ಬೋರು ಎಷ್ಟು ಅಡಿ ಆಳ ಎಂದು ಮನೆಮನೆಗೆ ಹೋಗಿ ಕೇಳಿ ಬರೆದರು. ನಮ್ಮಲ್ಲಿ ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಇರಲಿಲ್ಲ; ವಿಶ್ವವಿದ್ಯಾಲಯದ ಒಬ್ಬ ಹಳೆಯ ಗೆಳೆಯರ ಕೈಕಾಲು ಹಿಡಿದು ಎರಡು ಶನಿವಾರ ಅವರ ಪ್ರಯೋಗಾಲಯದಲ್ಲಿ ಜಾಗ ಪಡೆದೆವು. ಆಳದ ಎರಡು ಬೋರುಗಳಲ್ಲಿ ಮಿತಿಯ ಎರಡು ಪಟ್ಟಿಗೂ ಹೆಚ್ಚಿತ್ತು. ಹಳೆಯ ಬಾವಿಯಲ್ಲಿ ಮಿತಿಯೊಳಗೇ ಇತ್ತು. ಗ್ರಾನೈಟ್ ಬಂಡೆಯ ಖನಿಜಗಳಲ್ಲಿರುವ ಫ್ಲೋರೈಡ್, ಆಳದಲ್ಲಿ ಬಹುಕಾಲ ನಿಂತ ನೀರಿಗೆ ಕರಗಿ ಸೇರುತ್ತದೆ. ಆ ನೀರಿನಲ್ಲಿ ಸುಣ್ಣದ ಅಂಶ ಕಡಿಮೆಯಿದ್ದರೆ ಇನ್ನೂ ಹೆಚ್ಚು ಸೇರುತ್ತದೆ. ಅದನ್ನು ಆ ಹುಡುಗಿ ತನ್ನ ಊರಿನ ಅಂಕಿಗಳಲ್ಲೇ ತೋರಿಸಿದಳು.

ಆ ನಾಲ್ಕು ಪುಟಗಳನ್ನೇ ಆಧಾರವಾಗಿಟ್ಟು ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿಸಿದೆವು. ಶಿಫಾರಸು ಪತ್ರವನ್ನು ಕೇಳಿದ ದಿನವೇ ಬರೆದೆ. ಆಯ್ಕೆಯೂ ಆಯಿತು. ಆಗ ಶುರುವಾಯಿತು ನಿಜವಾದ ಪರೀಕ್ಷೆ. ಬೆಂಗಳೂರಿನಲ್ಲಿ ಎಲ್ಲಿ ಇರಿಸುವುದು? ನಮ್ಮ ಸಮಾಜದ ಒಂದು ಮನೆಯವರು ಸಂತೋಷದಿಂದ ಒಪ್ಪಿದ್ದರು. ಇಷ್ಟಲಿಂಗಪೂಜೆ ಬಿಡದವರು, ವಚನ ಬಾಯಲ್ಲೇ ಇರುವವರು. ಎರಡು ದಿನ ಬಿಟ್ಟು ಫೋನ್ ಮಾಡಿ, "ಹುಡುಗಿ ಯಾವ ಪೈಕಿ ರೀ?" ಎಂದು ಕೇಳಿದರು. ಮರುದಿನ, ಬೇಸಿಗೆಗೆ ಮನೆತುಂಬ ನೆಂಟರು ಬರುತ್ತಾರೆ ಎಂದರು. ನಾನು ಅವರ ಮೇಲೆ ಸಿಟ್ಟು ತೋರಿಸಲಿಲ್ಲ. ಡ್ರಾದಲ್ಲಿ ಅರ್ಜಿ ಇಟ್ಟುಕೊಂಡವನಿಗೆ ಆ ಅಧಿಕಾರ ಎಲ್ಲಿಂದ ಬರಬೇಕು? ಕೊನೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಮನೆಗೆ ಕರೆದುಕೊಂಡಳು. ಎರಡು ತಿಂಗಳು ತಂಗಿಯ ಹಾಗೆ ನೋಡಿಕೊಂಡಳು. ಅವ್ವನ ಕೈಗೆ ಎರಡು ತಿಂಗಳ ಕೂಲಿಯಷ್ಟು ಹಣವನ್ನು ಅಜ್ಜಾರು ತಾವೇ ಕರೆದು ಕೊಟ್ಟರು.

ಹುಡುಗಿ ಈಗ ಎಂ.ಎಸ್ಸಿ. ಮುಗಿಸುವ ಹಂತದಲ್ಲಿದ್ದಾಳೆ. ಅವಳ ಅಂಕಿಗಳನ್ನು ಹಿಡಿದು ಓಡಾಡಿದ ಪಂಚಾಯಿತಿ ಸದಸ್ಯರಿಂದಾಗಿ, ಕೆಟ್ಟು ನಿಂತಿದ್ದ ಶುದ್ಧ ನೀರಿನ ಘಟಕ ದುರಸ್ತಿಯಾಯಿತು. ನೀರು ತಂದ ಗೆಳತಿಯರಲ್ಲಿ ಒಬ್ಬಳಿಗೆ ಕೊನೆಯ ವರ್ಷದಲ್ಲೇ ಮದುವೆಯಾಯಿತು, ಓದು ನಿಂತಿತು. ಇನ್ನೊಬ್ಬಳ ಫೆಲೋಶಿಪ್ ಅವಧಿಯಲ್ಲೇ ಸೆಮಿಸ್ಟರ್ ಪರೀಕ್ಷೆ ಬಂತು; ಹೋಗಲಾಗಲಿಲ್ಲ. ಮೂವರಲ್ಲಿ ಒಬ್ಬಳು ದಾಟಿದಳು. ಇದನ್ನು ಯಶಸ್ಸು ಎಂದು ಹೇಳಿ ಶಾಲು ಹೊದಿಸಿಕೊಳ್ಳಲು ನಾನು ಸಿದ್ಧನಿಲ್ಲ. ಆದರೆ ಸಾಧ್ಯವಿದೆ ಎಂಬುದಕ್ಕೆ ಇಷ್ಟು ಸಾಕು.

ಈಗ ಮಠಗಳಿಗೂ ನಮ್ಮ ಸಂಘಟನೆಗಳಿಗೂ ನನ್ನ ಕೋರಿಕೆಗಳು.

ಒಂದು. ಪ್ರತಿ ಪ್ರಸಾದ ನಿಲಯಕ್ಕೂ ಒಬ್ಬ ಅಧ್ಯಾಪಕರನ್ನು ಗೊತ್ತುಮಾಡಿ. ಯಾವ ಅರ್ಜಿ ಯಾವಾಗ ಎಂದು ಸೆಪ್ಟೆಂಬರ್‌ನಲ್ಲೇ ಫಲಕಕ್ಕೆ ಹಾಕುವುದು, ಅರ್ಜಿ ಬರೆಸುವುದು, ಶಿಫಾರಸು ಪತ್ರವನ್ನು ಬೆನ್ನುಹತ್ತಿ ಪಡೆಯುವುದು ಅವರ ಕಾಯಕವಾಗಲಿ. ನನ್ನಂಥ ನಿವೃತ್ತರು ಪ್ರತಿ ಊರಿನಲ್ಲೂ ಇದ್ದೇವೆ. ಬೆಳಗಿನ ವಾಯುವಿಹಾರ ಮುಗಿದರೆ ನಮಗೆ ಬೇರೆ ಕೆಲಸವಿಲ್ಲ.

ಎರಡು. ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ನಮ್ಮ ಮಠಗಳ, ಸಮಾಜದ ವಿದ್ಯಾರ್ಥಿ ನಿಲಯಗಳಿವೆ. ಬೇಸಿಗೆಯಲ್ಲಿ ಎಷ್ಟೋ ಕೋಣೆಗಳಿಗೆ ಬೀಗ ಬಿದ್ದಿರುತ್ತದೆ. ಆ ಎರಡು ತಿಂಗಳು, ಸಂಶೋಧನೆಗೆಂದು ಬರುವ ಹಳ್ಳಿಯ ಮಕ್ಕಳಿಗೆ ಅವುಗಳನ್ನು ತೆರೆಯಿರಿ. ಹೆಣ್ಣುಮಕ್ಕಳ ನಿಲಯಗಳನ್ನು ಮೊದಲು ತೆರೆಯಿರಿ. "ಮಠದ ಹಾಸ್ಟೆಲಿನಲ್ಲಿ ಇರ್ತಾಳ" ಎಂದರೆ ಅರ್ಧ ಅಂಜಿಕೆ ಅಲ್ಲೇ ಕರಗುತ್ತದೆ.

ಮೂರು. ಹಣ. ಆ ಹುಡುಗಿಯ ನಂತರ ನಾವು ಕಳಿಸಿದ ಮಕ್ಕಳ ಖರ್ಚನ್ನು ನಾನು ಬರೆದಿಟ್ಟಿದ್ದೇನೆ. ವಾಸ ಮತ್ತು ಊಟಕ್ಕೆ 16 ಸಾವಿರ, ಪ್ರಯಾಣ ಮತ್ತು ಬಸ್ ಪಾಸಿಗೆ 4 ಸಾವಿರ, ಮನೆಯಲ್ಲಿ ನಿಲ್ಲುವ ಕೂಲಿಗೆ ಬದಲಾಗಿ 10 ಸಾವಿರ. ಒಂದು ಮಗುವಿಗೆ 30 ಸಾವಿರ, ಹತ್ತು ಮಕ್ಕಳಿಗೆ 3 ಲಕ್ಷ. ನಿಲಯದ ಕೋಣೆ ಸಿಕ್ಕರೆ ಇದು ಅರ್ಧಕ್ಕಿಳಿಯುತ್ತದೆ. ಜಾತ್ರೆಯ ಸ್ವಾಗತ ಕಮಾನು, ಫ್ಲೆಕ್ಸು, ಪಟಾಕಿಗಳ ಲೆಕ್ಕವನ್ನು ನಾನು ಇಲ್ಲಿ ಹಾಕುವುದಿಲ್ಲ. ಓದುವವರೇ ಹಾಕಿ ನೋಡಲಿ. ಇದನ್ನು "ಸಂಶೋಧನಾ ದಾಸೋಹ" ಎಂದು ಕರೆಯಿರಿ, ಅನ್ನದಾಸೋಹದ ಪಕ್ಕದಲ್ಲೇ ಇದರ ರಸೀದಿ ಪುಸ್ತಕವನ್ನೂ ಇಡಿ.

ನಾಲ್ಕು. ವಾರಕ್ಕೊಂದು ಸಂಜೆ ನಿಲಯದಲ್ಲಿ ಪ್ರಶ್ನೆಗಳಿಗೆ ಮೀಸಲಿರಲಿ. ಮಕ್ಕಳು ತಮ್ಮ ಊರಿನ ನೀರು, ಮಣ್ಣು, ತೊಗರಿಯ ರೋಗ, ಮಳೆಯ ಲೆಕ್ಕ, ಕೆಟ್ಟು ನಿಂತ ಪಂಪ್‌ಸೆಟ್ ಬಗ್ಗೆ ಪ್ರಶ್ನೆ ತರಲಿ. ಹತ್ತಿರದಲ್ಲೇ ಧಾರವಾಡ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳಿವೆ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, 2016ರಿಂದ ಧಾರವಾಡದಲ್ಲಿ ಐ.ಐ.ಟಿ. ಇದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ತನ್ನ ಆವರಣದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ. ಪೂಜ್ಯರು ಒಂದು ಮಾತು ಹೇಳಿ ಕಳಿಸಿದರೆ ಅಲ್ಲಿನ ವಿಜ್ಞಾನಿಗಳು ನಿಲಯಕ್ಕೆ ಬರಲಾರರೇ? ಅನುಭವ ಮಂಟಪದಲ್ಲಿ ದೋಣಿ ನಡೆಸುವವರು, ಅಕ್ಕಿ ಆಯುವವರು, ಚಪ್ಪಲಿ ಹೊಲಿಯುವವರು ಕೂತು ಪ್ರಶ್ನೆ ಕೇಳಿದರೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ನಮ್ಮ ಮಕ್ಕಳಿಗೆ ಮಾತ್ರ "ಸುಮ್ಮನೆ ಕೂತು ಬರಕೋ" ಎನ್ನುತ್ತೇವೆ.

ಐದನೆಯದೇ ಎಲ್ಲಕ್ಕಿಂತ ಮುಖ್ಯ. ಈ ದಾಸೋಹ ನಮ್ಮ ಸಮಾಜದ ಮಕ್ಕಳಿಗಷ್ಟೇ ಎಂದಾಗಬಾರದು. ಯಾವ ಕೇರಿಯಿಂದ, ಯಾವ ತಾಂಡಾದಿಂದ ಇದುವರೆಗೆ ಒಬ್ಬರೂ ಹೋಗಿಲ್ಲವೋ ಅಲ್ಲಿಯ ಮಗುವಿಗೆ ಮೊದಲ ಜಾಗ. ಮುಸ್ಲಿಂ ಹುಡುಗಿಗೂ, ದೇವದಾಸಿ ತಾಯಿಯ ಮಗನಿಗೂ. ಆ ಬೆಂಗಳೂರಿನ ಮನೆಯವರು ಕೇಳಿದ ಪ್ರಶ್ನೆಯನ್ನು ಮಠದ ಅರ್ಜಿಯಲ್ಲಿ ಯಾರೂ ಕೇಳಬಾರದು. ಕೇಳುವುದಾದರೆ ಒಂದೇ ಕಾರಣಕ್ಕೆ, ಯಾರು ಇನ್ನೂ ಬಂದಿಲ್ಲ ಎಂದು ತಿಳಿದು ಅವರನ್ನು ಹುಡುಕಿಕೊಂಡು ಹೋಗುವುದಕ್ಕೆ.

ಕೆಲವರು ಹೇಳಬಹುದು: ಬಡವರ ಮಕ್ಕಳಿಗೆ ಮೊದಲು ನೌಕರಿ ಬೇಕು, ಸಂಶೋಧನೆ ಉಳ್ಳವರ ಶೋಕಿ. ಈ ಮಾತಿನಲ್ಲಿ ನಿಜವಿದೆ. ಪಿಎಚ್.ಡಿ. ಎಂದರೆ ಐದಾರು ವರ್ಷ, ಮನೆ ಕಾಯುತ್ತಿರುತ್ತದೆ. ಆದರೆ ಒಂದು ಬೇಸಿಗೆ ಪ್ರಯೋಗಾಲಯದಲ್ಲಿ ಕಳೆದ ಮಗು ನೌಕರಿಗೆ ಹೋದರೂ ಧೈರ್ಯವಾಗಿ ಮಾತಾಡುತ್ತದೆ, ತಾನೇ ಯೋಚಿಸಿ ಕೆಲಸ ಮಾಡುತ್ತದೆ. ಆಯ್ಕೆ ಮಗುವಿನದಾಗಿರಲಿ, ಆಯ್ಕೆ ಇದೆಯೆಂಬುದೇ ಗೊತ್ತಾಗದೆ ಹೋಗುವುದು ಬೇಡ. ಇನ್ನು ಕೆಲವರು ಮೀಸಲಾತಿ ಇದೆಯಲ್ಲ ಎನ್ನುತ್ತಾರೆ. ಮೀಸಲಾತಿ ಸೀಟು ಕೊಡುತ್ತದೆ, ಅದು ಬೇಕೇ ಬೇಕು. ಶಿಫಾರಸು ಪತ್ರವನ್ನು, ಬೆಂಗಳೂರಿನ ಕೋಣೆಯನ್ನು, "ಹುಡುಕೋಣ ಬಾ" ಎನ್ನುವ ಮಾತನ್ನು ಅದು ಕೊಡಲಾರದು.

ಹೆಣ್ಣುಮಕ್ಕಳ ವಿಷಯದಲ್ಲಿ ಇತಿಹಾಸದ ಒಂದು ಸಂಗತಿಯನ್ನು ನೆನೆಯಬೇಕು. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ನಿರ್ದೇಶಕರಾಗಿದ್ದ ರಾಮನ್ ಹೆಣ್ಣೆಂಬ ಕಾರಣಕ್ಕೆ ನಿರಾಕರಿಸಿದರು. ಆಕೆ ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಆಕೆ 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಕಮಲಾ ಸೊಹೊನಿ ಎಂಬ ಹೆಸರಿನಿಂದ ಇಂದು ಎಲ್ಲರಿಗೂ ಗೊತ್ತು. ನೊಬೆಲ್ ಪಡೆದವರ ಕಣ್ಣಿಗೂ ಬಾಗಿಲಲ್ಲಿ ನಿಂತ ಪ್ರತಿಭೆ ಕಾಣದೆ ಹೋಗಬಹುದು. ಕಮಲಾ ಅವರಂತೆ ಹಟ ಹಿಡಿದು ನಿಲ್ಲುವ ಶಕ್ತಿ ಎಲ್ಲ ಮಕ್ಕಳಿಗೂ ಇರುವುದಿಲ್ಲ. ನನ್ನ ತಾಂಡಾದ ಹುಡುಗನಿಗೆ ಇರಲಿಲ್ಲ. ಅಂಥವರ ಪರವಾಗಿ ನಿಲ್ಲಲು ಯಾರಾದರೂ ಬೇಕು.

ಮುಂದಿನ ಜೂನ್‌ನಲ್ಲಿ ಮತ್ತೆ ಪ್ರತಿಭಾ ಪುರಸ್ಕಾರ ಇರುತ್ತದೆ, ನನ್ನನ್ನು ಮತ್ತೆ ಕರೆಯಬಹುದು. ಆಗಲೂ ಇದೇ ಪ್ರಶ್ನೆ ಕೇಳುತ್ತೇನೆ ಎಂದು ಅಜ್ಜಾರಿಗೆ ಹೇಳಿ ಬಂದಿದ್ದೇನೆ. ಅವರು ನಕ್ಕು, "ಐದು ಕೈಯರ ಏಳಬೇಕಲ್ಲೋ ಮಾಸ್ತರ" ಎಂದರು. ಐದು ಕೈ ಏಳಬೇಕಾದರೆ ಈ ನವೆಂಬರ್ ಮುಗಿಯುವ ಮೊದಲು ಐದು ಅರ್ಜಿ ಹೋಗಬೇಕು. ನಿಮ್ಮ ಊರಿನ ನಿಲಯದಲ್ಲಿ, ನಿಮ್ಮ ಓಣಿಯಲ್ಲಿ, ನಿಮ್ಮ ಹೊಲದಲ್ಲಿ ದುಡಿಯುವವರ ಮನೆಯಲ್ಲಿ ವಿಜ್ಞಾನವನ್ನೋ ಎಂಜಿನಿಯರಿಂಗನ್ನೋ ಓದುವ ಮಗು ಇದ್ದರೆ, ಇವತ್ತೇ ಹೋಗಿ ಮಾತಾಡಿಸಿ. ಪತ್ರ ಬರೆಯುವವರು ಸಿಗದಿದ್ದರೆ ನಮ್ಮಂಥ ಹಳೆಯ ಮೇಷ್ಟ್ರುಗಳ ಬಳಿಗೆ ಕಳಿಸಿ. ನಾಳೆ ಬಾ ಎಂದು ನಾನು ಇನ್ನು ಹೇಳುವುದಿಲ್ಲ.